ದೂರು ಕೊಟ್ಟವನಿಗೇ ಗಲ್ಲು

1775ರ ಆಗಸ್ಟ್ 5ರಂದು ಕಲ್ಕತ್ತೆಯಲ್ಲಿ, ಬಂಗಾಳದ ಕಂದಾಯ ಅಧಿಕಾರಿಯಾಗಿದ್ದ ಮಹಾರಾಜ ನಂದಕುಮಾರನನ್ನು ಗಲ್ಲಿಗೇರಿಸಿದರು. ವಯಸ್ಸು ಎಪ್ಪತ್ತರ ಆಸುಪಾಸು. ಶಿಕ್ಷೆ ವಿಧಿಸಿದ ಸುಪ್ರೀಂ ಕೋರ್ಟು ಕೆಲಸ ಆರಂಭಿಸಿ ಒಂದು ವರ್ಷವೂ ತುಂಬಿರಲಿಲ್ಲ.

ಆ ಕೋರ್ಟು ಬಂದದ್ದೇಕೆ ಎಂದು ನೆನೆದರೆ ಸಂಕಟ ಹೆಚ್ಚುತ್ತದೆ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರರು ಲಂಗುಲಗಾಮಿಲ್ಲದೆ ದೋಚುತ್ತಿದ್ದರು. ಅವರನ್ನು ಹದ್ದುಬಸ್ತಿನಲ್ಲಿಡಬೇಕೆಂದೇ ಬ್ರಿಟಿಷ್ ಸಂಸತ್ತು 1773ರ ರೆಗ್ಯುಲೇಟಿಂಗ್ ಕಾಯ್ದೆ ತಂದಿತು. ಕೋರ್ಟು ಹುಟ್ಟಿದ್ದು ಆ ಕಾಯ್ದೆಯಿಂದಲೇ. ಮರುವರ್ಷದ ಅಕ್ಟೋಬರಿನಲ್ಲಿ ಅದರ ಮುಖ್ಯ ನ್ಯಾಯಮೂರ್ತಿ ಎಲಿಜಾ ಇಂಪಿ ಮೂವರು ನ್ಯಾಯಾಧೀಶರೊಂದಿಗೆ ಹಡಗಿನಿಂದ ಇಳಿದ.

1775ರ ಮಾರ್ಚಿನಲ್ಲಿ ನಂದಕುಮಾರ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೆ ಸುಮಾರು 3.5 ಲಕ್ಷ ರೂಪಾಯಿ ಲಂಚದ ಆರೋಪ ಹೊರಿಸಿದ. ಮೇ ತಿಂಗಳಲ್ಲಿ ಅವನೇ ಸೆರೆಯಾದ! ಸಾಲಪತ್ರವೊಂದನ್ನು ಖೋಟಾ ಮಾಡಿದನೆಂಬ ಆಪಾದನೆ. ಅದೂ ಈ ಕೋರ್ಟು ಹುಟ್ಟುವುದಕ್ಕೆ ವರ್ಷಗಳ ಹಿಂದಿನ ಸಂಗತಿ. ಜೂರಿಯ ಹನ್ನೆರಡು ಮಂದಿಯೂ ಯುರೋಪಿಯನ್ನರು. ಖೋಟಾ ಪತ್ರಕ್ಕೆ ಮರಣದಂಡನೆ ಎಂಬುದು ಸಾಲಪತ್ರ, ಹುಂಡಿಗಳ ಮೇಲೆ ವ್ಯಾಪಾರ ನಿಂತಿದ್ದ ಇಂಗ್ಲೆಂಡಿನ ಕಾನೂನು. ನವಾಬರ ಕಾಲದ ಬಂಗಾಳದಲ್ಲಿ ಅಂಥ ತಪ್ಪಿಗೆ ಪ್ರಾಣ ತೆಗೆಯುವ ರೂಢಿ ಇರಲಿಲ್ಲ.

ಇಂಪಿ, ಹೇಸ್ಟಿಂಗ್ಸ್ ಇಬ್ಬರೂ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಒಟ್ಟಿಗೆ ಓದಿದವರು. ಅವರ ನಡುವೆ ಸಂಚೇನೂ ಇರಲಿಲ್ಲವೆಂದು ಕಾನೂನು ಪಂಡಿತ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ 1885ರಲ್ಲಿ ಎರಡು ಸಂಪುಟ ಬರೆದು ವಾದಿಸಿದ. ಒಪ್ಪೋಣ. ಆದರೆ ಗಲ್ಲನ್ನು ತಡೆಹಿಡಿದು ದೊರೆಯ ಅಪ್ಪಣೆಗೆ ಕಾಯುವ ಅಧಿಕಾರ ಕೋರ್ಟಿನ ಸನ್ನದಿನಲ್ಲೇ ಇತ್ತು. ಒಬ್ಬ ಮುದುಕನ ಜೀವದ ಪ್ರಶ್ನೆ. ಇಂಪಿ ಅದನ್ನು ಬಳಸಲಿಲ್ಲ. ನಂದಕುಮಾರನ ದೂರನ್ನು ಹೇಸ್ಟಿಂಗ್ಸ್ ವಿರುದ್ಧ ಬಳಸಿಕೊಂಡ, ಅವನದೇ ಆಡಳಿತ ಕೌನ್ಸಿಲ್‌ನ ಸದಸ್ಯರೂ ಅವನನ್ನು ಉಳಿಸಲು ಮುಂದಾಗಲಿಲ್ಲ.

ಅದೇ ಕೋರ್ಟು ಕಂಪನಿ ಸರ್ಕಾರಕ್ಕೇ ಎದುರಾದಾಗ ಏನಾಯಿತು? ಕಾಶಿಜೋಡದ ಜಮೀನ್ದಾರನ ಮೇಲಿನ ಮೊಕದ್ದಮೆಯಲ್ಲಿ ಆದೇಶ ಜಾರಿಗೆ ಹೋದ ಶೆರಿಫನ ಜನರನ್ನು ಕೌನ್ಸಿಲ್ ಸೈನ್ಯ ಕಳಿಸಿ ಹಿಡಿಸಿತು. 1780ರಲ್ಲಿ ಹೇಸ್ಟಿಂಗ್ಸ್ ಇಂಪಿಗೆ ಕಂಪನಿಯದೇ ಮೇಲ್ಮನವಿ ನ್ಯಾಯಾಲಯವಾದ ಸದರ್ ದಿವಾನಿ ಅದಾಲತ್ತಿನ ಹುದ್ದೆಯನ್ನೂ ಸಂಬಳವನ್ನೂ ಕೊಟ್ಟ. 1781ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ, ಗವರ್ನರ್ ಜನರಲ್ ಮತ್ತು ಕೌನ್ಸಿಲ್ ಅಧಿಕಾರದ ಮೇಲೆ ಮಾಡಿದ ಕೃತ್ಯಗಳನ್ನೂ ಕಂದಾಯದ ವಿಷಯಗಳನ್ನೂ ಕೋರ್ಟಿನ ಕೈಯಿಂದ ತಪ್ಪಿಸಿತು. ಯಾರನ್ನು ಅಂಕೆಯಲ್ಲಿಡಲು ಅದನ್ನು ಕಟ್ಟಿದರೋ ಅವರಿಗೇ ರಕ್ಷಣೆ ಸಿಕ್ಕಿತು. ಇದು ಅನ್ಯಾಯವಲ್ಲದೆ ಮತ್ತೇನು?

ಇಂಪಿಯನ್ನು ಮಹಾಭಿಯೋಗಕ್ಕೆ ಗುರಿಪಡಿಸುವ ಯತ್ನ 1788ರಲ್ಲಿ ಬಿದ್ದುಹೋಯಿತು. ಹೇಸ್ಟಿಂಗ್ಸನ ಮೇಲಿನ ಮಹಾಭಿಯೋಗದ ವಿಚಾರಣೆಯಲ್ಲಿ ಸಂಸತ್ ಸದಸ್ಯ ಎಡ್ಮಂಡ್ ಬರ್ಕ್, ಹೇಸ್ಟಿಂಗ್ಸ್ ಇಂಪಿಯ ಕೈಯಿಂದ ನಂದಕುಮಾರನನ್ನು ಕೊಲೆ ಮಾಡಿಸಿದನೆಂದ. 1789ರ ಮೇ ತಿಂಗಳಲ್ಲಿ ಹೌಸ್ ಆಫ್ ಕಾಮನ್ಸ್, ಬರ್ಕ್ ಆ ಮಾತು ಆಡಬಾರದಿತ್ತು ಎಂದು ನಿರ್ಣಯ ಮಾಡಿತು.