ತೋಳಿನ ಮೇಲಿನ ನಾಣ್ಯ

ಅಟ್ಟದಿಂದ ರೆಕಾರ್ಡ್ ಪ್ಲೇಯರ್ ಇಳಿಸಿ ಧೂಳು ಒರೆಸುವ ಉತ್ಸಾಹ ಕೊಡಗಿನ ಹಳೆಯ ಮನೆಗಳಲ್ಲಿ ಮತ್ತೆ ಕಾಣುತ್ತಿದೆ. ಅಜ್ಜ ಕೂಡಿಟ್ಟ ಪ್ಲೇಟುಗಳಲ್ಲಿ ಕಾಳಿಂಗರಾಯರ ಭಾವಗೀತೆ ಇರಬಹುದು, ಯಾವುದೋ ನಾಟಕದ ಹಾಡಿರಬಹುದು, ಪಲ್ಟನ್ನಿನಲ್ಲಿದ್ದಾಗ ಕೊಂಡ ಬ್ಯಾಂಡ್ ಸಂಗೀತವೂ ಇರಬಹುದು. ಹಾಡಿನ ನಡುವೆ ಮುಳ್ಳು ಜಿಗಿಯುತ್ತದೆ. ಆಗ ಮನೆಯ ಯಾರೋ ಜಾಣರು ತೋಳಿನ ತುದಿಗೆ ಒಂದು ನಾಣ್ಯ ಹೇರುತ್ತಾರೆ. ಜಿಗಿತ ನಿಲ್ಲುತ್ತದೆ, ಪ್ಲೇಟು ಸವೆಯತೊಡಗುತ್ತದೆ. ಇಂಥ ಪ್ಲೇಟುಗಳಲ್ಲಿ ಕೆಲವು ಮತ್ತೆ ಸಿಗುವಂಥವಲ್ಲ.

ಕೀಲಿ ಕೊಡುವ ಗ್ರಾಮಫೋನಿನಲ್ಲಿ ಮುಳ್ಳಿನ ಮೇಲೆ ನೂರು ಗ್ರಾಂಗೂ ಮಿಕ್ಕಿ ಭಾರ ಬೀಳುತ್ತಿತ್ತು. 78ರ ಪ್ಲೇಟು ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡಿದ್ದು. ಉಕ್ಕಿನ ಮುಳ್ಳೇ ಸವೆದು, ಪ್ರತಿ ಮಗ್ಗುಲಿಗೂ ಹೊಸದು ಹಾಕಬೇಕಿತ್ತು. 1948ರಲ್ಲಿ ಬಂದ ಎಲ್.ಪಿ.ಯಾದರೋ ಮೆತ್ತನೆಯ ವಿನೈಲ್. ಅದರ ಗೆರೆ ತಲೆಗೂದಲಿಗಿಂತ ಸಪೂರ. ಒಳ್ಳೆಯ ಕಾರ್ಟ್ರಿಜ್ ಕೇಳುವ ಭಾರ ಸುಮಾರು 1.5ರಿಂದ 2 ಗ್ರಾಂ. ಮೂರು ಗ್ರಾಂ ನಾಣ್ಯ ಇಟ್ಟರೆ ಏನಾದೀತೆಂದು ನೀವೇ ಲೆಕ್ಕ ಹಾಕಿ.

ಭಾರದಷ್ಟೇ ಮುಖ್ಯವಾದದ್ದು ಕೋನ. ಮೂಲ ಪ್ಲೇಟಿನಲ್ಲಿ ಗೆರೆ ಕೊರೆಯುವ ಯಂತ್ರದ ಉಳಿ ಅಂಚಿನಿಂದ ಕೇಂದ್ರದ ಕಡೆಗೆ ನೇರವಾಗಿ ಸರಿಯುತ್ತದೆ. ನಮ್ಮ ತೋಳಾದರೋ ಬಾಗಿಲಿನಂತೆ ಬುಡದಲ್ಲಿ ತಿರುಗಿ ಕಮಾನು ಬರೆಯುತ್ತದೆ. ನೇಗಿಲು ಓರೆಯಾದರೆ ಸಾಲು ಕೆಡುವಂತೆ, ಮುಳ್ಳು ಓರೆಯಾದರೆ ಹಾಡು ಒಡೆಯುತ್ತದೆ. ಇದಕ್ಕಾಗಿಯೇ ಕಾರ್ಟ್ರಿಜ್ಜನ್ನು ಸುಮಾರು 23 ಡಿಗ್ರಿ ಒಳಕ್ಕೆ ತಿರುಗಿಸಿ, ಮುಳ್ಳು ನಡುಗೂಟವನ್ನು ಒಂದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು ದಾಟುವಂತೆ ತೋಳನ್ನು ಕೂರಿಸುತ್ತಾರೆ. ಈ ಲೆಕ್ಕವನ್ನು 1924ರಲ್ಲಿ ಇಂಗ್ಲೆಂಡಿನ ಪರ್ಸಿ ವಿಲ್ಸನ್, 1938ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಬಿಡಿಸಿಟ್ಟರು. ಆದರೂ ಕೋನ ಪೂರ್ತಿ ಸರಿ ಬರುವುದು ಎರಡೇ ಕಡೆ: ಸಾಮಾನ್ಯ ಲೆಕ್ಕದಲ್ಲಿ ಕೇಂದ್ರದಿಂದ 66 ಮತ್ತು 121 ಮಿಲಿಮೀಟರ್ ದೂರದಲ್ಲಿ. ತೋಳು ಎಸ್ ಆಕಾರದ್ದಾದರೆ ಶ್ರೇಷ್ಠ ಎನ್ನುವವರಿದ್ದಾರೆ. ನೇರ ತೋಳಿನ ತಲೆಯನ್ನು ಓರೆಯಾಗಿಸಿದರೂ ಸಿಗುವ ಕೋನ ಅದೇ.

ಈ ಓರೆಯಿಂದ ಇನ್ನೊಂದು ತೊಡಕು. ತಿರುಗುವ ಪ್ಲೇಟಿನ ಘರ್ಷಣೆ ತೋಳನ್ನು ಕೇಂದ್ರದ ಕಡೆಗೆ ಎಳೆಯುತ್ತದೆ. ತಡೆಯದಿದ್ದರೆ ಗೆರೆಯ ಒಳಗೋಡೆ ಹೆಚ್ಚು ಸವೆಯುತ್ತದೆ. ಸ್ಟೀರಿಯೋದಲ್ಲಿ ಎಡಗಡೆಯ ಸದ್ದು ಇರುವುದು ಆ ಗೋಡೆಯಲ್ಲೇ. ಆಂಟಿ-ಸ್ಕೇಟಿಂಗ್ ಎಂಬ ಚಿಕ್ಕ ತಿರುಪು ಇದಕ್ಕಾಗಿ ಇದೆ.

ಹಾಗಾದರೆ ಮುಳ್ಳು ಜಿಗಿಯುವುದೇಕೆ? ಮೊದಲು ಮಳೆಗಾಲವನ್ನು ದೂರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದಿದೆ? ಗೆರೆಯೊಳಗೂ ಹಿಡಿಯುತ್ತದೆ. ತೋಳಿನ ಬುಡದ ಎಣ್ಣೆ ಒಣಗಿ ಅಂಟಾಗಿರಬಹುದು. ಮೂರನೆಯದು ಮರದ ನೆಲ. ತೋಳಿನ ತೂಕ ಮತ್ತು ಮುಳ್ಳಿನ ಬಳುಕು ಸೇರಿ ಸೆಕೆಂಡಿಗೆ ಹತ್ತರ ಆಸುಪಾಸು ಕಂಪಿಸುವಂತೆ ಹೊಂದಿರಬೇಕು. ಅದು ಸಂಗೀತಕ್ಕಿಂತ ಕೆಳಗೆ, ಹೆಜ್ಜೆಯ ಅದುರಿಗಿಂತ ಮೇಲೆ. ನಾಣ್ಯದ ತೂಕ ಈ ಕಂಪನವನ್ನು ಹೆಜ್ಜೆಯ ಅದುರಿನ ಕಡೆಗೇ ಇಳಿಸುತ್ತದೆ! ಪ್ಲೇಯರನ್ನು ಗೋಡೆಗೆ ಬಡಿದ ಹಲಗೆಯ ಮೇಲಿಡಿ.

ಇನ್ನು ತೂಕ. ಹಿಂದಿನ ಗುಂಡನ್ನು ತಿರುಗಿಸಿ, ತೋಳು ತಕ್ಕಡಿಯ ದಂಡಿಗೆಯಂತೆ ಗಾಳಿಯಲ್ಲಿ ಸಮನಾಗಿ ತೇಲಲಿ. ಅಂಕಿಯ ಬಳೆಯನ್ನು ಸೊನ್ನೆಗೆ ತಂದು, ಆಮೇಲೆ ಕಾರ್ಟ್ರಿಜ್‌ಗೆ ಹೇಳಿದಷ್ಟು ಗ್ರಾಂ ಕೊಡಿ. ಚಿನ್ನ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತಾಳೆ ನೋಡಬಹುದು; ಕರಿಮೆಣಸು ತೂಗುವುದರಲ್ಲಿ ಆಗದು. ಸೂಟ್‌ಕೇಸಿನಂಥ ಅಗ್ಗದ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಗುಂಡೇ ಇರುವುದಿಲ್ಲ. ಅಪರೂಪದ ಎಲ್.ಪಿ.ಯನ್ನು ಅವುಗಳಿಗೆ ಹಾಕದಿರುವುದೇ ವಾಸಿ.

78ರ ಗೆರೆ ಅಗಲ, ಅದಕ್ಕೆ ಬೇರೆಯೇ ದಪ್ಪ ಮುಳ್ಳು ಬೇಕು. ಬೂಷ್ಟು ತೆಗೆಯಲು ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ ಸಾಕು. ಒರೆಸಿ ಕೂಡಲೇ ಒಣಗಿಸಿ. ಆ ಪ್ಲೇಟಿಗೆ ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ. ಅರಗು ಅದರಲ್ಲಿ ಕರಗುತ್ತದೆ.