ಡೆಕ್ಕಿಗೆ ಬಣ್ಣ ಬಳಿಯುವ ಮುನ್ನ

ಜೂನ್ 1 ಬಂತೆಂದರೆ ಮಲ್ಪೆ, ಮಂಗಳೂರು ಬಂದರುಗಳಲ್ಲಿ ಯಾಂತ್ರೀಕೃತ ದೋಣಿಗಳು ಸಾಲುಗಟ್ಟಿ ನಿಲ್ಲುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಅವು ಕಡಲಿಗಿಳಿಯುವಂತಿಲ್ಲ. ಮೀನುಗಳು ಮೊಟ್ಟೆಯಿಟ್ಟು ಹೆಚ್ಚಲಿ ಎಂಬುದು ಈ ನಿಷೇಧದ ಉದ್ದೇಶ. ದೋಣಿಯವರಿಗಂತೂ ಇದು ರಜೆಯಲ್ಲ. ಬಲೆ ಸರಿಪಡಿಸುವ, ಎಂಜಿನ್ ಬಿಚ್ಚುವ, ದೋಣಿ ದುರಸ್ತಿ ಮಾಡುವ ಕಾಲ. ಹಳೆಯ ಫೈಬರ್ ದೋಣಿಯ ಡೆಕ್ಕನ್ನು ಹೊಸದು ಮಾಡುವುದೂ ಇಂಥದೇ ಒಂದು ಕೆಲಸ.

‘ಒಂದು ಡಬ್ಬಿ ಪೈಂಟ್ ಬಳಿದರಾಯಿತು’ ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಡೆಕ್ ಎಂದರೆ ನಡುರಾತ್ರಿ, ಓಲಾಡುವ ದೋಣಿಯಲ್ಲಿ, ಮೀನಿನ ಲೋಳೆಯ ಮೇಲೆ ನಿಂತು ಬಲೆ ಎಳೆಯುವ ಜಾಗ. ಅಲ್ಲಿ ಕಾಲು ಜಾರಿದರೆ ಕೆಳಗಿರುವುದು ಕಡಲು.

ಫೈಬರ್ ಎಂದು ನಾವು ಕರೆಯುವುದು ಗಾಜಿನ ನೂಲಿನ ಚಾಪೆಯನ್ನು ಅಂಟಿನಂಥ ರೆಸಿನ್‌ನಲ್ಲಿ ನೆನೆಸಿ ಗಟ್ಟಿಯಾಗಿಸಿದ ವಸ್ತು. ಅದರ ಮೇಲೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಜೆಲ್‌ಕೋಟ್ ಎಂಬ ನುಣುಪು ಪದರವಿರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ವರ್ಷಗಟ್ಟಲೆ ಬಿದ್ದಾಗ ಈ ಪದರ ಸವೆದು, ಮುಟ್ಟಿದರೆ ಸುಣ್ಣದಂಥ ಪುಡಿ ಕೈಗೆ ಹತ್ತುತ್ತದೆ. ಕೂದಲೆಳೆಯ ಬಿರುಕುಗಳೂ ಮೂಡುತ್ತವೆ. ಅನೇಕ ದೋಣಿಗಳ ಡೆಕ್ಕಿನಲ್ಲಿ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಬಿರುಕು, ಸ್ಕ್ರೂ ತೂತುಗಳ ಮೂಲಕ ನೀರಿಳಿದರೆ ಅದು ಒಳಗೊಳಗೇ ಕೊಳೆಯುತ್ತದೆ.

ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರವೇನೂ ಬೇಡ. ಸಣ್ಣ ಸುತ್ತಿಗೆಯಿಂದ ಡೆಕ್ಕನ್ನು ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋದರೆ ಸಾಕು. ಗಟ್ಟಿ ಜಾಗ ಟಣ್ ಎನ್ನುತ್ತದೆ. ಪದರ ಬಿಟ್ಟ, ನೆನೆದ ಜಾಗ ಡಬ್ ಎನ್ನುತ್ತದೆ. ಅಂಥ ಕಡೆ ಮೇಲ್ಪದರ ಕತ್ತರಿಸಿ, ಕೊಳೆತ ಮರ ತೆಗೆದು, ಉಳಿದದ್ದನ್ನು ಪೂರ್ತಿ ಒಣಗಿಸಿ ಹೊಸದನ್ನು ಕೂರಿಸಬೇಕು.

ಆಮೇಲೆ ತೊಳೆಯುವ ಕೆಲಸ. ಎಣ್ಣೆ ಜಿಡ್ಡನ್ನು ಮೊದಲು ತೆಗೆದು, ನಂತರ ಮರಳು ಕಾಗದದಿಂದ ಉಜ್ಜಬೇಕು. ಈ ಕ್ರಮ ತಪ್ಪಿದರೆ ಜಿಡ್ಡು ಗೀರುಗಳೊಳಗೆ ಸೇರಿ ಹೊಸ ಬಣ್ಣ ಹಿಡಿಯುವುದೇ ಇಲ್ಲ. ಬಿರುಕುಗಳನ್ನು ‘ವಿ’ ಆಕಾರಕ್ಕೆ ಅಗಲಿಸಿ ಎಪಾಕ್ಸಿ ತುಂಬುತ್ತಾರೆ. ಎಪಾಕ್ಸಿ ಬಿಸಿಲು ತಾಳದ್ದರಿಂದ ಅದರ ಮೇಲೆ ಪಾಲಿಯುರೆಥೇನ್ ಬಣ್ಣ ಬೇಕು. ಬಣ್ಣ ಹಸಿಯಿರುವಾಗ ತೊಳೆದು ಒಣಗಿಸಿದ ಸಣ್ಣ ಮರಳನ್ನು ಉದುರಿಸಿ, ಒಣಗಿದ ಮೇಲೆ ಸಡಿಲ ಮರಳು ಗುಡಿಸಿ ಇನ್ನೊಂದು ಕೈ ಬಳಿಯುತ್ತಾರೆ. ಕಾಲಿಗೆ ಹಿಡಿತ ಕೊಡುವುದು ಈ ಮರಳೇ.

ಕರಾವಳಿಯವರ ಇಕ್ಕಟ್ಟೆಂದರೆ, ಬಿಡುವು ಸಿಗುವುದು ಮಳೆಗಾಲದಲ್ಲಿ; ಬಣ್ಣಕ್ಕೆ ಬೇಕಾದದ್ದು ಒಣ ಹವೆ. ತಣ್ಣೀರಿನ ಲೋಟದ ಹೊರಗೆ ಹನಿಗಟ್ಟುವುದನ್ನು ನೀವು ನೋಡಿರಬಹುದು. ತಂಪಾದ ಡೆಕ್ಕಿನ ಮೇಲೂ ಹೀಗೆಯೇ ಕಣ್ಣಿಗೆ ಕಾಣದಷ್ಟು ತೇವ ಕೂರುತ್ತದೆ. ಅದರ ಮೇಲೆ ಬಳಿದ ಬಣ್ಣ ಹಪ್ಪಳದಂತೆ ಏಳುತ್ತದೆ. ಮಾಡು ಕಟ್ಟಿ, ಮಳೆ ಬಿಟ್ಟ ದಿನಕ್ಕಾಗಿ ಕಾಯುವುದೇ ದಾರಿ. ಋತು ಆರಂಭವಾಗುತ್ತಿದೆ ಎಂದು ಅವಸರಪಟ್ಟರೆ ಹಣವೂ ಹೋಯಿತು, ಶ್ರಮವೂ ಹೋಯಿತು.

ಪೋಷಕರು ಗಮನಿಸಬೇಕಾದ ಮಾತೊಂದಿದೆ. ಪಾಲಿಯೆಸ್ಟರ್ ರೆಸಿನ್‌ಗೆ ವೇಗವರ್ಧಕವಾಗಿ ಕೋಬಾಲ್ಟ್ ದ್ರಾವಣವನ್ನೂ, ಗಟ್ಟಿಯಾಗಿಸಲು ಪೆರಾಕ್ಸೈಡನ್ನೂ ಸೇರಿಸುತ್ತಾರೆ. ಒಂದನ್ನು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಇವೆರಡನ್ನೇ ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಪೆರಾಕ್ಸೈಡ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ತುರಿಕೆ ತರುತ್ತದೆ, ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಕೆಲಸದವರಿಗೆ ಕನ್ನಡಕ, ಧೂಳುತಡೆ ಮುಖವಾಡ, ಕೈಗವಸು ಇರಲೇಬೇಕು. ನೆರವಿಗೆಂದು ಮಕ್ಕಳನ್ನು ಈ ಕೆಲಸಗಳಿಗೆ ಹಚ್ಚಬಾರದು.

ಆದರೆ ದೂರದಿಂದ ನೋಡಿ ಕಲಿಯಲು ಬೇಕಾದಷ್ಟಿದೆ. ದ್ರವವಾಗಿದ್ದ ರೆಸಿನ್ ಸ್ವಲ್ಪ ಹೊತ್ತಿನಲ್ಲೇ ಬಿಸಿಯಾಗಿ ಕಲ್ಲಾಗುವುದು ಪಾಲಿಮರ್ ಪಾಠದ ಪ್ರತ್ಯಕ್ಷ ಪ್ರಯೋಗ. ಇದರಲ್ಲಿ ಆಸಕ್ತಿ ಮೂಡಿದ ವಿದ್ಯಾರ್ಥಿಗಳಿಗೆ ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜಿದೆ. ಅಪ್ಪ ಬಡಿದು ನೋಡಿದ ಡೆಕ್ಕಿನ ಸದ್ದಿಗೆ ಕಾರಣವೇನೆಂದು ಮಗಳೋ ಮಗನೋ ಹೇಳುವಂತಾದರೆ, ಆ ವಿದ್ಯೆ ಮನೆಗೂ ದೋಣಿಗೂ ಒದಗಿದಂತೆ.