ಐದು ವರ್ಷಗಳ ಮೌನ ಯಾರ ಪರ ಸಾಕ್ಷಿ?

ಹೆತ್ತ ತಾಯಿಯ ಮೇಲೆ ಕೈಮಾಡಿದ ಮಗ ಐದು ವರ್ಷಗಳಿಂದ ಆಕೆಯ ಮನೆಯ ಬಳಿ ಸುಳಿದಿಲ್ಲ. ಅವನು ಪಶ್ಚಾತ್ತಾಪ ಪಟ್ಟಿರುವನೇ ಅಥವಾ ನ್ಯಾಯಾಲಯದ ಆಜ್ಞೆಯೊಂದು ಅವನನ್ನು ಬಾಗಿಲ ಹೊರಗೆ ತಡೆದು ನಿಲ್ಲಿಸಿದೆಯೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ಈ ಪ್ರಶ್ನೆಯನ್ನು ಎದುರಿಸಿದ ರೀತಿ ನಮ್ಮ ಗಮನಕ್ಕೆ ಅರ್ಹವಾದುದು.

ಅಲ್ಲಿ 65 ವರ್ಷ ತುಂಬಿದವರಿಗೂ ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ಪರಾವಲಂಬಿಗಳಾದ ವಯಸ್ಕರಿಗೂ ನ್ಯಾಯಾಲಯ ಇಂತಹ ನಿರ್ಬಂಧಕಾಜ್ಞೆಯ ರಕ್ಷಣೆ ನೀಡುತ್ತದೆ. ಹೊಡೆತ ಮಾತ್ರವಲ್ಲ, ಹಣ ಕಬಳಿಸುವುದೂ ಆರೈಕೆ ನಿರಾಕರಿಸುವುದೂ ಹಿಂಸೆಯೇ. ಆಜ್ಞೆಯ ಗರಿಷ್ಠ ಅವಧಿ 5 ವರ್ಷ. ಅದು ಮುಗಿಯುವ ಮುನ್ನಿನ ಮೂರು ತಿಂಗಳೊಳಗೆ ನವೀಕರಣ ಕೋರಿದರೆ ನ್ಯಾಯಾಧೀಶರು ಅದನ್ನು ಇನ್ನೂ 5 ವರ್ಷಕ್ಕೆ ಅಥವಾ ಶಾಶ್ವತವಾಗಿ ವಿಸ್ತರಿಸಬಹುದು. ಈ ನಡುವೆ ಹೊಸದಾಗಿ ಹಿಂಸೆ ನಡೆದಿದೆಯೆಂದು ರುಜುವಾತುಪಡಿಸಬೇಕಿಲ್ಲ.

ಇಷ್ಟು ವರ್ಷ ಸುಮ್ಮನಿದ್ದವನಿಗೆ ಮತ್ತೇಕೆ ಕಡಿವಾಣ ಎಂದು ಕೇಳುವವರಿದ್ದಾರೆ. ಹೊಸ ಗಾಯ ತೋರಿಸಿದರೆ ಮಾತ್ರ ರಕ್ಷಣೆ ಎನ್ನುವುದಾದರೆ, ಇನ್ನೊಮ್ಮೆ ಹೊಡೆಯಲು ಅವನಿಗೆ ಪರವಾನಗಿ ಕೊಟ್ಟಂತಲ್ಲವೇ? ನಮ್ಮ ಆಕ್ಷೇಪ ಬೇರೆಯೇ ಇದೆ. ಆಜ್ಞೆ ತಾನಾಗಿ ನವೀಕರಣಗೊಳ್ಳುವುದಿಲ್ಲ. ಔಷಧಿಯ ಹೊತ್ತನ್ನೇ ಮರೆಯುವ ಎಂಬತ್ತರ ಮುದುಕಿ ಆ ದಿನಾಂಕವನ್ನು ನೆನಪಿಡಬೇಕೇ?

ಇದೆಲ್ಲ ಪಾಶ್ಚಾತ್ಯರ ಕುಟುಂಬ ಕುಸಿತದ ಫಲವೆಂದು ನಮ್ಮ ಹಿರಿಯರು ಮೂಗು ಮುರಿಯಬಹುದು. ವೃದ್ಧ ಮಾತಾಪಿತರೆದುರು ಬೇಸರದ ಉದ್ಗಾರವನ್ನೂ ಪವಿತ್ರ ಕುರ್‌ಆನ್ (17:23) ನಿಷೇಧಿಸಿದೆಯೆಂದು ಖುತ್ಬಾಗಳಲ್ಲಿ ಕೇಳುತ್ತಲೇ ಇದ್ದೇವೆ. ಆದರೆ ಜಮಾಅತ್ ಕಚೇರಿಯಲ್ಲಿ ನಡೆಯುವುದೇನು? ಮಗ ತಲೆ ತಗ್ಗಿಸಿ ಕ್ಷಮೆ ಕೇಳುತ್ತಾನೆ, ಚಹಾ ಬರುತ್ತದೆ, ತಾಯಿಯನ್ನು ಅವನ ಜೊತೆಗೇ ಕಳುಹಿಸಲಾಗುತ್ತದೆ. ತಿಂಗಳ ನಂತರ ಆ ಮನೆಯ ಕದ ತಟ್ಟುವವರಿಲ್ಲ. ದೂರು ಬರಲಿಲ್ಲ, ಆದ್ದರಿಂದ ಎಲ್ಲವೂ ಸರಿಯಿದೆ! ಹೋಗಲು ಬೇರೆ ಮನೆಯಿಲ್ಲದವಳು ದೂರು ಕೊಡುವುದಾದರೂ ಯಾರಿಗೆ?

ನಮ್ಮ ದೇಶದ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಮೊರೆ ತಾಯಿಯೂ ಹೋಗಬಹುದು. ಅದರಡಿ ದೊರೆತ ರಕ್ಷಣಾ ಆದೇಶ ಸಾಮಾನ್ಯವಾಗಿ ಆಕೆಯೇ ರದ್ದತಿ ಕೋರುವವರೆಗೆ ಜಾರಿಯಲ್ಲಿರುತ್ತದೆ, ನವೀಕರಣದ ಗೊಡವೆಯಿಲ್ಲ. ತಂದೆಗೆ ಈ ಕಾಯ್ದೆಯ ಆಸರೆಯಿಲ್ಲ; ಹಿರಿಯ ನಾಗರಿಕರ 2007ರ ಕಾಯ್ದೆ ಮುಖ್ಯವಾಗಿ ಜೀವನಾಂಶ ಮತ್ತು ಆಸ್ತಿಯ ಕುರಿತಾದುದು. ರಾಜಿ ಮಾಡಿಸಿದ ಎಷ್ಟು ಜಮಾಅತ್‌ಗಳು ಇದನ್ನು ಆ ತಾಯಂದಿರಿಗೆ ತಿಳಿಸಿವೆ? ನಿಕಾಹ್‌ಗೆ, ವಂತಿಗೆಗೆ ದಫ್ತರಗಳಿವೆ. ರಾಜಿಯಾದ ಮನೆಗೆ ಮತ್ತೆ ಭೇಟಿ ನೀಡಬೇಕಾದ ದಿನಾಂಕ ಬರೆಯಲು ಅದರಲ್ಲಿ ಒಂದು ಪುಟವನ್ನು ಈ ಶುಕ್ರವಾರವೇ ತೆರೆಯಬಹುದು.